ಹಸಿರು ಚುಕ್ಕೆಗಳ ಸಾರ್

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದಾಗ ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಹಾಕದೇ ಇದ್ದರೆ ಎದ್ದು ಕಾಣುತ್ತದೆ ಎನ್ನುವುದೊಂದೇ ಅದಕ್ಕೆ ಕಾರಣ. ಆಮೇಲೆ ಮ್ಯಾನೇಜರು ನಾಲ್ಕು ಸಾಲು ಬರೆದರು: ನಮ್ಮ ಶೆಡ್ಡಿನ ನೆಟ್‌ವರ್ಕ್ ಇವತ್ತು ಒಂದೂ ದೂರಿಲ್ಲದೆ ನಡೆಯುತ್ತಿದ್ದರೆ ಅದು ಅವರು ಹಾಕಿಕೊಟ್ಟ ಶಿಸ್ತು, ಅಂಥವರು ಮತ್ತೆ ಸಿಗುವುದಿಲ್ಲ. ಓದಿ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಅವರು ಬದುಕಿದ್ದಾಗಲೂ ಬಾಯಿ ಬಿಟ್ಟು ಆಡಲಿಲ್ಲ. ಹೆಸರು ಹೇಳುವುದಿಲ್ಲ, ಅವರ ಹೆಂಡತಿ ಮಕ್ಕಳು ಒಳ್ಳೆಯ ಜನ. ನಾವೆಲ್ಲ ಕರೆಯುತ್ತಿದ್ದ ಹಾಗೆ ಸಾರ್ ಎಂದೇ ಕರೆಯುತ್ತೇನೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಸಂಸ್ಥೆಯವರು ರೇಷ್ಮೆಗೂಡಿನ ಹರಾಜು ಶೆಡ್ಡು ನಡೆಸುತ್ತಾರೆ. ರೈತರು ಬೆಳಿಗ್ಗೆ ಗೂಡು ತಂದು ಉದ್ದುದ್ದದ ಜಾಲರಿಗಳಲ್ಲಿ ಸುರಿಯುತ್ತಾರೆ. ರೀಲರುಗಳು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವವರು, ಕೈಹಾಕಿ ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒತ್ತಿ ನೋಡಿ, ತಮಗೆ ಬೇಕಾದ ಲಾಟಿಗೆ ಬೆಲೆ ಹಾಕುತ್ತಾರೆ. ಹಿಂದೆ ಟವಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತಿದ್ದ ಮಾತುಕತೆ ಈಗ ಫೋನಿನಲ್ಲಿ. ಸೂರಿಗೆ ಬಿಳಿ ತಟ್ಟೆಗಳಂತೆ ಹದಿನಾಲ್ಕು ವೈಫೈ ಪೆಟ್ಟಿಗೆ ನೇತುಹಾಕಿದ್ದಾರೆ. ಆ ಹದಿನಾಲ್ಕನ್ನೂ ಒಂದೇ ಕಡೆಯಿಂದ ಆಳುವ ಕಂಟ್ರೋಲರ್ ಶೆಡ್ಡಿನ ಮೂಲೆಯ ಎಸಿ ಕೋಣೆಯಲ್ಲಿದೆ. ಹರಾಜು ತೆರೆದಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ನಿಮ್ಮ ಫೋನು ವೈಫೈಗೆ ಸೇರಲಿಲ್ಲವೆಂದರೆ ನೀವು ಮೆಚ್ಚಿದ ಗೂಡು ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ, ನಿಮ್ಮ ಒಲೆ ಆ ದಿನ ಹತ್ತುವುದಿಲ್ಲ.

ಆ ಎಸಿ ಕೋಣೆಯ ಒಡೆಯ ನಮ್ಮ ಸಾರ್. ನಾನು ಗೌರಿಬಿದನೂರಿನವನು, ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಸೇರಿದ ಮೊದಲ ದಿನವೇ ಅವರು ನನ್ನನ್ನು ತೆರೆಯ ಮುಂದೆ ನಿಲ್ಲಿಸಿದರು. ಶೆಡ್ಡಿನ ನಕ್ಷೆ, ಅದರ ಮೇಲೆ ಹದಿನಾಲ್ಕು ಹಸಿರು ಚುಕ್ಕೆ.

"ಏಮಯ್ಯಾ, ಇದೇನು ಕಲರ್ರು?"

"ಹಸಿರು ಸಾರ್."

"ಹಸಿರಿದ್ರೆ ನಮ್ಮ ಕೆಲ್ಸ ಮುಗೀತು. ಅಂತೇ. ಹೊರಗಡೆ ಯಾರು ಏನ್ ಬಡ್ಕೊಂಡ್ರೂ ಅದು ಅವ್ರ ಫೋನಿನ ರೋಗ."

ಈ 'ಅಂತೇ', ಅಂದರೆ ಅಷ್ಟೇ, ಅವರ ಬಾಯಲ್ಲಿ ಎಲ್ಲದಕ್ಕೂ ಬೀಳುವ ಬೀಗ. ಚಿಂತಾಮಣಿಯವರು, ತೆಲುಗು ಮನೆಮಾತು. ಆ ಪದ ಬಂದ ಮೇಲೆ ಅವರ ಜೊತೆ ಯಾವ ಮಾತೂ ಮುಂದಕ್ಕೆ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು, ಎಸಿಯನ್ನು ಮಾತ್ರ ಕಡಿಮೆ ಮಾಡಲು ಬಿಡುತ್ತಿರಲಿಲ್ಲ. ಕಂಟ್ರೋಲರಿಗೆ ಅರಿಶಿನ ಕುಂಕುಮ ಇಟ್ಟು, ಶುಕ್ರವಾರ ನಿಂಬೆಹಣ್ಣು ಬದಲಾಯಿಸುತ್ತಿದ್ದರು. ಅದರ ಒಳಗಿನ ಯಾವ ಪುಟವನ್ನೂ ತೆರೆದು ನೋಡಿದವರಲ್ಲ. ಪೂಜೆಗೆ ಇಟ್ಟದ್ದನ್ನು ಬಿಚ್ಚಿ ನೋಡುವುದುಂಟೇ? ಶೆಡ್ಡಿಗೆ ಕಾಲಿಡಬೇಕಾಗಿ ಬಂದರೆ ಗೂಡಿನ ವಾಸನೆಗೆ ಕರ್ಚೀಫು ಮೂಗಿಗೆ ಹಿಡಿದು, ಹೆಂಗಸರು ದಾರಿ ಬಿಡಲೆಂದು ಗಂಟಲು ಸರಿಮಾಡಿಕೊಳ್ಳುತ್ತ, ಎರಡೇ ನಿಮಿಷದಲ್ಲಿ ವಾಪಸು ಬಂದು ಕೈ ತೊಳೆಯುತ್ತಿದ್ದರು. ಆ ಗೂಡಿನಿಂದಲೇ ಅವರ ಸಂಬಳ ಬರುತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ತಂತಿ ಕಟ್ಟುವುದರಲ್ಲಿ ಅವರಷ್ಟು ಚೊಕ್ಕಟ ಕೈ ನಾನು ಬೇರೆ ಕಂಡಿಲ್ಲ. ಒಂದೊಂದು ಕೇಬಲ್ಲಿಗೂ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು, ಜಡೆ ಹೆಣೆದ ಹಾಗೆ ಕಟ್ಟಿದ್ದರು. ವಯಸ್ಸಿನಲ್ಲಿ ಎಲ್ಲೋ ಟೆಲಿಫೋನ್ ಲೈನ್‌ಮನ್ ಆಗಿದ್ದವರು, ಮಳೆಯಲ್ಲಿ ಕಂಬ ಹತ್ತಿದವರು. ಆ ಕಾಲದ ಪಾಠವೇ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಲೈನಿನಲ್ಲಿ ಟೋನ್ ಕೇಳಿಸಿತೋ, ಇಲಾಖೆಯ ಜವಾಬ್ದಾರಿ ಮುಗಿಯಿತು, ಉಳಿದದ್ದು ಗಿರಾಕಿಯ ಡಬ್ಬಾದ ದೋಷ. ಡಬ್ಬಾ ಹೋಗಿ ಮೊಬೈಲು ಬಂದರೂ, ತಂತಿ ಹೋಗಿ ಗಾಳಿ ಬಂದರೂ ಸಾರ್ ಆ ಕಂಬದಿಂದ ಇಳಿಯಲೇ ಇಲ್ಲ.

ಅವರ ಚಿಕಿತ್ಸಾ ಕ್ರಮವೂ ನೋಡುವಂತಿತ್ತು. ಯಾರೇ ಫೋನು ತಂದರೂ ಮೊದಲು "ಕವರ್ ತೆಗಿ." ಅವರ ಮೇಜಿನ ಮೇಲೆ ರಬ್ಬರಿನ ಕವರುಗಳ ಗುಡ್ಡೆ ಬಿದ್ದಿರುತ್ತಿತ್ತು, ಕೆಲವಕ್ಕೆ ಲಕ್ಷ್ಮಿ ಸ್ಟಿಕ್ಕರು, ಕೆಲವಕ್ಕೆ ಮೊಮ್ಮಕ್ಕಳ ಪಟ. ಎರಡನೆಯದಾಗಿ "ಆಫ್ ಮಾಡು, ಆನ್ ಮಾಡು." ಮೂರನೆಯದಾಗಿ ಪಾಸ್‌ವರ್ಡನ್ನು ತಾವೇ ಒತ್ತುವುದು, ಅದೂ ಎಡಗೈ ಅಡ್ಡ ಹಿಡಿದು, ಯಾರಿಗೂ ಕಾಣದ ಹಾಗೆ. ಆ ಪಾಸ್‌ವರ್ಡು ಎದುರಿನ ಟೀ ಅಂಗಡಿಯ ಕಂಬದ ಮೇಲೆ ಸುಣ್ಣದಲ್ಲಿ ಬರೆದಿತ್ತು. ಕೊಟ್ಟವರು ಸಾರೇ, ದಿನಕ್ಕೆ ಎರಡು ಟೀ ಕೋಣೆಗೆ ಬರಲೆಂದು. ಬಸ್ಸಿಗೆ ಕಾದವರು, ಅಂಬಾಜಿದುರ್ಗಕ್ಕೆ ಹೋಗುವ ಬೈಕಿನ ಹುಡುಗರು, ಎಲ್ಲರೂ ಟೀ ಕುಡಿಯುತ್ತ ನಮ್ಮ ವೈಫೈಯಲ್ಲಿ ವಿಡಿಯೋ ನೋಡಿಕೊಂಡು ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಶೆಡ್ಡಿನಲ್ಲಿ ಒಂದು ನಿಯಮವಿತ್ತು. ಫೋನು ಸೇರಲಿಲ್ಲ ಎಂದು ರೀಲರ್ ದೂರು ಕೊಟ್ಟರೆ ಆ ಲಾಟಿನ ಹರಾಜು ನಿಲ್ಲಿಸಬೇಕು, ಸಾರ್ ಪರೀಕ್ಷೆ ಮಾಡಬೇಕು. ದೂರು ನಿಜವಾದರೆ ಮತ್ತೆ ಹರಾಜು. ಸುಳ್ಳೆಂದು ಮೂರು ಸಲ ಬರೆಯಲ್ಪಟ್ಟರೆ ಆ ರೀಲರಿನ ಬಿಡ್ ನಂಬರು ರದ್ದು, ಆಮೇಲೆ ಹರಾಜಿನಲ್ಲಿ ಬೆಲೆ ಹಾಕುವಂತಿಲ್ಲ. ಕೈತಪ್ಪಿದ ಗೂಡಿಗೆ ಆಸೆಪಟ್ಟು ಸುಮ್ಮನೆ ಗಲಾಟೆ ಎಬ್ಬಿಸುವವರನ್ನು ತಡೆಯಲು ಮಾಡಿದ ನಿಯಮ ಅದು. ಸಾರ್ ಪರೀಕ್ಷೆ ಮಾಡುತ್ತಿದ್ದದ್ದು ಹೀಗೆ: ಫೋನನ್ನು ತಮ್ಮ ಕೋಣೆಗೆ ತರಿಸಿಕೊಂಡು, ಸಿಬ್ಬಂದಿಗೆಂದೇ ಬೇರೆ ಇದ್ದ ವೈಫೈಗೆ ಸೇರಿಸುವುದು. ಅಲ್ಲಿ ಇದ್ದವರು ನಾವು ಏಳು ಜನ. ಸತ್ತ ಫೋನೂ ಸೇರುತ್ತಿತ್ತು. "ನೋಡು, ಬಂತಲ್ಲ. ದೂರು ಸುಳ್ಳು. ಅಂತೇ." ಫೋನು ಅಲ್ಲೂ ಸೇರದಿದ್ದರೆ "ಫೋನ್ ಕೆಟ್ಟಿದೆ, ನಮ್ಮ ತಪ್ಪಲ್ಲ." ಆ ಕೋಣೆಗೆ ಬಂದು ಗೆದ್ದು ಹೋದ ರೀಲರ್ ಒಬ್ಬರೂ ಇಲ್ಲ.

ಮುನಿಲಕ್ಷ್ಮಮ್ಮ ಅಂಥ ಕೋಣೆಗೆ ಮೊದಲ ಸಲ ಬಂದದ್ದು ನಾನು ಸೇರಿ ಎರಡು ತಿಂಗಳಾದ ಮೇಲೆ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ನಾಲ್ಕು ಬೇಸಿನ್ನಿನ ಸಣ್ಣ ಫಿಲೇಚರ್, ಅಂದರೆ ನೂಲು ತೆಗೆಯುವ ಕಾರ್ಖಾನೆ, ಅವರದ್ದು, ಐದು ಜನ ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಗಂಡ ಇದ್ದಾಗ ಗೂಡು ತರುವುದು ಅವನ ಕೆಲಸ, ಅವನು ಹೋದ ಮೇಲೆ ಬಿಡ್ ನಂಬರನ್ನು ಇವರು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಬೆಳಿಗ್ಗೆ ಬಾಯ್ಲರಿಗೆ ಬೆಂಕಿ ಹಾಕಿ, ಹೆಂಗಸರನ್ನು ಕೂರಿಸಿ ಬರುವಷ್ಟರಲ್ಲಿ ಶೆಡ್ಡು ತುಂಬಿರುತ್ತಿತ್ತು. ಗೂಡು ನೋಡುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಇವರು ಕೈ ಇಟ್ಟ ಜಾಲರಿಯ ಹಿಂದೆ ಗಂಡಸರು ಸುಮ್ಮನೆ ನಿಲ್ಲುತ್ತಿದ್ದರು.

"ಸಾರ್, ವೈಫೈ ಅಂತ ಬರ್ತೈತೆ, ಸುತ್ತ್‌ತಾ ಸುತ್ತ್‌ತಾ ಅಲ್ಲೇ ನಿಂತೋಗ್ತೈತೆ" ಎಂದರು.

ಸಾರ್ ಕವರ್ ತೆಗೆಸಿದರು, ಕೋಣೆಯ ವೈಫೈಗೆ ಸೇರಿಸಿದರು, ದೂರು ಸುಳ್ಳು ಎಂದು ಬರೆದರು. ಆಕೆ ಹೋದ ಮೇಲೆ ನನಗೆ ಹೇಳಿದರು: "ಹೆಂಗಸ್ರ ಕೈಗೆ ಬಿಡ್ ನಂಬರ್ ಕೊಟ್ರೆ ಇಷ್ಟೇನಯ್ಯಾ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ನಾನು ಅವರಿಗಿಂತ ಜಾಣ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಎರಡನೆಯ ಸಲ ಆಕೆಯ ದೂರು ಬಂದಾಗ ನಾನು ಶೆಡ್ಡಿಗೆ ಹೋದೆ. ಇಂಥದ್ದಕ್ಕೆ ಒಂದು ಕ್ರಮವಿದೆ. ಒಂದೇ ಫೋನಿಗೋ ಹಲವಕ್ಕೋ? ಒಂದೇ ಜಾಗದಲ್ಲೋ ಎಲ್ಲ ಕಡೆಯೋ? ಎಷ್ಟು ಹೊತ್ತಿಗೆ? ಫೋನು ಪೆಟ್ಟಿಗೆಯ ತನಕ ಮುಟ್ಟಿ ನಿಂತಿತೋ, ಮುಟ್ಟಲೇ ಇಲ್ಲವೋ? ನಾಲ್ಕು ದಿನ ಜಾಲರಿಗಳ ನಡುವೆ ಅಡ್ಡಾಡಿ ಕೇಳಿದೆ. ಜಾಗಕ್ಕೆ ಸಂಬಂಧವೇ ಇರಲಿಲ್ಲ. ಬೇಗ ಬಂದವರಿಗೆ ತೊಂದರೆಯಿಲ್ಲ, ತಡವಾಗಿ ಬಂದವರಲ್ಲಿ ಕೆಲವರಿಗೆ ಮಾತ್ರ. ಅವರ ಫೋನು ಪೆಟ್ಟಿಗೆಗೆ ಸೇರುತ್ತಿತ್ತು, ಪಾಸ್‌ವರ್ಡೂ ಒಪ್ಪಿಗೆಯಾಗುತ್ತಿತ್ತು, ಆಮೇಲೆ ಸಿಗಬೇಕಾದ ಅಡ್ರೆಸ್ಸು ಸಿಗುತ್ತಿರಲಿಲ್ಲ.

ನೆಟ್‌ವರ್ಕಿಗೆ ಬಂದ ಪ್ರತಿ ಫೋನಿಗೂ ಒಂದು ಅಡ್ರೆಸ್ಸು ಕೊಡಬೇಕು. ನಮ್ಮಲ್ಲಿದ್ದದ್ದು ಸುಮಾರು ಇನ್ನೂರೈವತ್ತು. ಕಂಟ್ರೋಲರಿನ ಪುಟವೊಂದರಲ್ಲಿ, ಒಮ್ಮೆ ಕೊಟ್ಟದ್ದನ್ನು ಎಷ್ಟು ಕಾಲ ಕಾಯ್ದಿಡಬೇಕು ಎನ್ನುವ ಜಾಗದಲ್ಲಿ ಎಂಟು ದಿನ ಎಂದಿತ್ತು. ಸಾರ್ ಹಾಕಿದ್ದಲ್ಲ, ಕಂಟ್ರೋಲರ್ ಬರುವಾಗಲೇ ಹಾಗಿತ್ತು, ಅವರು ಆ ಪುಟ ನೋಡಿರಲೇ ಇಲ್ಲ. ಮದುವೆ ಮನೆಯಲ್ಲಿ ಉಂಡು ಎದ್ದು ಹೋದವನ ಎಲೆಯನ್ನು ಎಂಟು ದಿನ ಅವನ ಹೆಸರಿಗೇ ಹಾಸಿಟ್ಟು, ಬಾಗಿಲಲ್ಲಿ ನಿಂತವರಿಗೆ ಎಲೆಯಿಲ್ಲ ಎಂದ ಹಾಗೆ. ಟೀ ಕುಡಿದು ಹೋದವನಿಗೂ ಎಂಟು ದಿನದ ಎಲೆ. ಮುನಿಲಕ್ಷ್ಮಮ್ಮನದು ಬಂದಾಗಲೆಲ್ಲ ತನ್ನ ಗುರುತು ಬದಲಿಸಿಕೊಳ್ಳುವ ಹೊಸ ಥರದ ಫೋನು, ಹಾಗಾಗಿ ಪ್ರತಿ ಸಲವೂ ಅದು ಹೊಸಬರ ಸಾಲಿನಲ್ಲಿ ಕಡೆಗೆ ನಿಲ್ಲಬೇಕಾಗುತ್ತಿತ್ತು. ಎಂಟು ದಿನವನ್ನು ಎರಡು ಗಂಟೆ ಮಾಡಿದರೆ ಮುಗಿಯಿತು.

ಇದು ನನಗೆ ಗೊತ್ತಾದ ದಿನ ನಾನು ಸಾರ್‌ಗೆ ಹೇಳಲಿಲ್ಲ. ಹೆದರಿಕೆಯಿಂದಲ್ಲ. ಸುಮ್ಮನೆ ಹೇಳಿದರೆ ಅವರು "ಸರಿ ಮಾಡು, ಅಂತೇ" ಎಂದು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ ಎನ್ನುವುದನ್ನು ನನಗೆ ಸಹಿಸಲಾಗಲಿಲ್ಲ. ನಾಲ್ಕು ಜನರ ಮುಂದೆ, ಮ್ಯಾನೇಜರ ಎದುರಿಗೆ, ಆ ಸ್ವೆಟರ್ ಮನುಷ್ಯನ ಮುಖ ಕಪ್ಪಿಡಬೇಕು ಎಂದು ನಾನು ಕಾದೆ. ಪ್ರತಿ ದಿನ ಮನಸ್ಸಿನಲ್ಲೇ ಆ ಮಾತುಗಳನ್ನು ಉರು ಹೊಡೆಯುತ್ತಿದ್ದೆ. ಆ ಕಾಯುವಿಕೆಯಲ್ಲಿ ಒಂದು ಸುಖವಿತ್ತು, ಇದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮೂರನೆಯ ದೂರು ಬಂದೇ ಬಂತು. ಅವತ್ತು ಬೈವೋಲ್ಟೀನ್ ಎನ್ನುವ ಮೇಲ್ತರದ ಗೂಡಿನ ಒಳ್ಳೆಯ ಲಾಟು ಕೈತಪ್ಪಿ ಮುನಿಲಕ್ಷ್ಮಮ್ಮ ಶೆಡ್ಡಿನ ನಡುವೆ ನಿಂತು ಕೂಗಾಡಿದರು, "ನಿಮ್ಮ ಗಾಳಿ ನಂಗೊಬ್ಳಿಗೇ ಯಾಕ್ ಬರಲ್ಲ ಹೇಳ್ರಿ!" ಎಂದು. ಸಾರ್ ಮೂರನೆಯ ಸಲ ಸುಳ್ಳು ಎಂದು ಬರೆದರು. ನಂಬರು ರದ್ದು ಮಾಡುವ ಮೊದಲು ವಿಚಾರಿಸಲು ಚಿಕ್ಕಬಳ್ಳಾಪುರದಿಂದ ಮ್ಯಾನೇಜರು ಬಂದರು, ಸರಿಯಾಗಿ ಹರಾಜಿನ ಹೊತ್ತಿಗೆ. ನನಗೆ ಒಳಗೊಳಗೇ ಖುಷಿ. ಆಕೆ ಕೋಣೆಯ ಬಾಗಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು.

"ಸಾರ್, ಒಂದ್ಸಲ ನಿಮ್ಮ ಫೋನಲ್ಲೇ ನೋಡಿ, ಶೆಡ್ಡಲ್ಲಿ ನಿಂತ್ಕೊಂಡು" ಎಂದೆ ಮ್ಯಾನೇಜರಿಗೆ.

ಎಲ್ಲರೂ ಶೆಡ್ಡಿಗೆ ಬಂದೆವು. ಮ್ಯಾನೇಜರು ಹೊಸ ಫೋನು ತೆಗೆದು ಒತ್ತಿದರು. ಸುತ್ತಿತು, ಸುತ್ತಿತು, ನಿಂತಿತು. ಇನ್ನೊಮ್ಮೆ ಒತ್ತಿದರು, ಅದೇ ಕಥೆ. ಅವರ ಹುಬ್ಬು ಗಂಟಾಯಿತು. ಸುತ್ತಲಿನ ರೀಲರುಗಳು ಕೈಯಲ್ಲಿದ್ದ ಗೂಡು ಬಿಟ್ಟು ನೋಡತೊಡಗಿದರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಸಾರ್ ಕರ್ಚೀಫನ್ನು ಜೇಬಿಗೆ ಸೇರಿಸಿ ನಗುತ್ತ ಮುಂದೆ ಬಂದರು.

"ಅಯ್ಯೋ ಸಾರ್, ನಿಮಗ್ಯಾಕೆ ಈ ಜನಗಳ ವೈಫೈ? ತನ್ನಿ, ನಿಮಗೆ ನಮ್ದೇ ಹಾಕ್ಕೊಡ್ತೀನಿ."

ಫೋನು ಇಸಿದುಕೊಂಡು, ಎಡಗೈ ಅಡ್ಡ ಹಿಡಿದು ಏನೋ ಒತ್ತಿ ವಾಪಸು ಕೊಟ್ಟರು.

"ಹಾಂ, ಬಂತು ಬಂತು. ಸ್ಪೀಡ್ ಚೆನ್ನಾಗೇ ಇದ್ಯಲ್ರೀ!" ಎಂದರು ಮ್ಯಾನೇಜರು.

ಅಷ್ಟೇ, ವಿಚಾರಣೆ ಮುಗಿಯಿತು. ತನ್ನ ಫೋನು ಯಾಕೆ ಮೊದಲು ಸೇರಲಿಲ್ಲ ಎಂದು ಆ ಮನುಷ್ಯನಿಗೂ ಅನ್ನಿಸಲಿಲ್ಲ. ದೊಡ್ಡವರಿಗೆ ಕೆಲಸ ಆಗಬೇಕು, ಹೇಗೆ ಆಯಿತು ಎನ್ನುವುದು ಬೇಕಿಲ್ಲ. ಮುನಿಲಕ್ಷ್ಮಮ್ಮ ಒಂದು ಹೆಜ್ಜೆ ಮುಂದೆ ಬಂದು ತಮ್ಮ ಫೋನು ಚಾಚಿದರು.

"ಸಾರ್, ನಂಗೂ ಹಂಗೇ ಹಾಕ್ಕೊಡಿ. ಇನ್ನೊಂದ್ ಮಾತಾಡಲ್ಲ, ಹೊಂಟೋಗ್ತೀನಿ."

"ಅದು ಸ್ಟಾಫ್‌ಗೆ ಕಣಮ್ಮ" ಎಂದರು ಸಾರ್. ಮ್ಯಾನೇಜರು ನನ್ನ ಕಡೆ ತಿರುಗಿದರು.

"ಇನ್ನೇನಾದ್ರೂ ಹೇಳೋದಿದ್ಯೇನಪ್ಪಾ?"

ಇತ್ತು. ಎಲೆಯ ಕಥೆ, ಎಂಟು ದಿನದ ಪುಟ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೂಡಿದ ನಾಟಕ ಕೆಟ್ಟಿತ್ತು, ಸಾರ್ ಗೆದ್ದ ನಗೆಯಲ್ಲಿ ನಿಂತಿದ್ದರು. ಸೋತ ಮುಖ ಹೊತ್ತು ವಿವರಣೆ ಕೊಡುವುದು ನನ್ನ ದೊಡ್ಡಸ್ತಿಕೆಗೆ ಒಗ್ಗಲಿಲ್ಲ. "ಇಲ್ಲ ಸಾರ್" ಎಂದೆ.

ಅವತ್ತೇ ನಂಬರು ರದ್ದಾಯಿತು. ಮಾರನೆಯ ಬೆಳಿಗ್ಗೆ ಸಾರ್ ಟೀ ಕುಡಿಯುತ್ತಿದ್ದಾಗ ನಾನು ಆ ಪುಟ ತೆರೆದು ಎಂಟು ದಿನವನ್ನು ಎರಡು ಗಂಟೆ ಮಾಡಿದೆ. ಅವರು ಲೋಟ ಕೆಳಗಿಡುವುದರೊಳಗೆ ಮುಗಿದಿತ್ತು. ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ದೂರುಗಳೇ ನಿಂತುಹೋದವು. ಸಾರ್ ಒಂದು ವಾರ ಕಾದು, ಎರಡು ವಾರ ಕಾದು, ಕೊನೆಗೆ ಕೋಣೆಗೆ ಬಂದವರಿಗೆಲ್ಲ ಹೇಳತೊಡಗಿದರು: "ನೋಡಿದ್ರಾ? ಒಬ್ಳಿಗೆ ಬಿಸಿ ಮುಟ್ಸಿದ್ದಕ್ಕೆ ಎಲ್ಲಾರ ಫೋನೂ ಸರಿಹೋಯ್ತು. ಸುಳ್ಳು ದೂರು ಅಂತ ನಾನು ಮೊದ್ಲೇ ಹೇಳಿರ್ಲಿಲ್ವಾ?" ಕೇಳಿದವರು ತಲೆದೂಗಿದರು. ನಾನು ಮಾಡಿದ ರಿಪೇರಿಯೇ ಆಕೆ ಸುಳ್ಳಿ ಎನ್ನುವುದಕ್ಕೆ ಸಾಕ್ಷಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಜ್ವರವನ್ನು ನಾನು ಗುಟ್ಟಾಗಿ ಇಳಿಸಿದೆ, ಗುಣವಾದದ್ದು ಬರೆಯಿಂದಲೇ ಎಂದು ಊರೆಲ್ಲ ನಂಬಿತು.

ಸಾರ್ ನಿವೃತ್ತರಾದಾಗ ಶೆಡ್ಡಿನಲ್ಲೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣದಲ್ಲಿ ಅವರು ಹೇಳಿದ್ದೂ ಅದೇ, ಬಿಗಿ ಇದ್ದರೆ ಬೇನೆ ಇಲ್ಲ ಎಂದು. ನಾನು ಚಪ್ಪಾಳೆ ತಟ್ಟಿದೆ. ಮಾರನೆಯ ದಿನದಿಂದ ಆ ಕುರ್ಚಿ ನನ್ನದಾಯಿತು.

ಅವರ ಸಾವಿಗೆ ಮ್ಯಾನೇಜರು ಬರೆದ ನಾಲ್ಕು ಸಾಲು ಓದಿದ ಮೇಲೆ ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ರದ್ದಾದ ನಂಬರು ವಾಪಸು ಕೊಡಿಸುವ ಅರ್ಜಿಯೊಂದನ್ನು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಮುನಿಲಕ್ಷ್ಮಮ್ಮನ ಫಿಲೇಚರ್ ಇದ್ದ ಜಾಗದಲ್ಲಿ ಯಾರೋ ಸಿಮೆಂಟು ಮೂಟೆ ಪೇರಿಸಿದ್ದರು. ಪಕ್ಕದವರು ದಾರಿ ತೋರಿಸಿದರು. ಎರಡು ಬೀದಿ ಆಚೆ, ಇನ್ನೊಬ್ಬರ ಫಿಲೇಚರಿನಲ್ಲಿ, ಸಾಲಿನ ಕೊನೆಯ ಬೇಸಿನ್ನಿನ ಮುಂದೆ ಕೂತಿದ್ದರು. ಕೈ ಬಿಸಿನೀರಲ್ಲಿತ್ತು. ನನ್ನ ಗುರುತು ಹಿಡಿದರು.

"ಏನಪ್ಪಾ, ಎಷ್ಟ್ ದೂರ ಬಂದೆ?"

"ಅಕ್ಕ, ನಿಮ್ಮ ನಂಬರ್ ವಾಪಸ್ ಕೊಡ್ಸೋಣ ಅಂತ ಬಂದೆ. ಇಲ್ಲೊಂದು ಸೈನ್ ಹಾಕಿ ಸಾಕು."

ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಕಾರಣ ಎನ್ನುವ ಜಾಗದಲ್ಲಿ ನಾನು ತಾಂತ್ರಿಕ ದೋಷ ಎಂದು ಬರೆದಿದ್ದೆ.

"ಹಂಗಂದ್ರೇನು?"

ನಾನು ಎಲ್ಲ ಹೇಳಿದೆ. ಎಲೆ, ಎಂಟು ದಿನ, ಎರಡು ಗಂಟೆ. ಸಾರ್ ಆ ಪುಟ ಒಮ್ಮೆಯೂ ತೆರೆದಿರಲಿಲ್ಲ, ಅವರಿಗೆ ಏನೂ ಬರುತ್ತಿರಲಿಲ್ಲ, ಬರೀ ಹಸಿರು ಚುಕ್ಕೆ ನೋಡಿಕೊಂಡು ಕೂತಿದ್ದರು ಎಂದು, ಇಷ್ಟು ವರ್ಷ ಒಳಗಿಟ್ಟದ್ದನ್ನೆಲ್ಲ ಹೇಳಿದೆ.

"ಇದು ನಿಂಗೆ ಯಾವತ್ತು ಗೊತ್ತಾಯ್ತು?"

"ನೀವು ಎರಡ್ನೇ ಸಲ ದೂರು ಕೊಟ್ಟ ಮೇಲೆ."

"ಅಂದ್ರೆ ಮ್ಯಾನೇಜರು ಬಂದ ದಿನ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಪಕ್ಕದ ಬೇಸಿನ್ನಿನ ಹೆಂಗಸು ನೂಲು ಕಡಿದುಹೋದದ್ದನ್ನೂ ನೋಡದೆ ನಮ್ಮತ್ತ ತಿರುಗಿದ್ದಳು. ಮುನಿಲಕ್ಷ್ಮಮ್ಮ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಅವ್ರು ಹೋದ್ರು, ಅವ್ರ ಮಾತ್ ಬಿಡು. ಪಾಪ, ಆವಯ್ಯಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು. ದೋಷ ಅಂತ ಬರ್ದಿದ್ದೀಯಲ್ಲ, ಅದ್ರ ಮುಂದೆ ನಿನ್ನ ಹೆಸ್ರು ಬರಿ. ಆಮೇಲೆ ನಾನ್ ಸೈನ್ ಹಾಕ್ತೀನಿ."

ಜೇಬಿನಿಂದ ಪೆನ್ನು ತೆಗೆದೆ. ಆಕೆ ಮತ್ತೆ ಬಿಸಿನೀರಿಗೆ ಕೈ ಹಾಕಿ, ನಾನು ಬರೆಯುವುದನ್ನೇ ನೋಡುತ್ತ ಕೂತರು.